ಎಳೆಮಗುವಿನ ಕಾರ್ ಸೀಟು ಮತ್ತು ವಿಮಾನ ಪ್ರಯಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು ಹೆಚ್ಚಾಗಿ ಎರಡು ಬಗೆಯ ಕುಟುಂಬಗಳವು. ಅಮೆರಿಕದಲ್ಲಿ ನೆಲೆಸಿ, ಒಂದರಿಂದ ನಾಲ್ಕು ವರ್ಷದ ಮಗುವಿನೊಂದಿಗೆ ರಜೆಗೆ ಬೆಂಗಳೂರಿಗೆ ಬಂದು, ಅಲ್ಲಿಂದ ಕಾರಿನಲ್ಲಿ ಊರಿಗೆ ಹೋಗುವವರು ಒಂದು ಬಗೆ; ಇಲ್ಲಿಂದ ಮಗುವನ್ನು ಕರೆದುಕೊಂಡು ಅಲ್ಲಿರುವ ಅಣ್ಣನ ಮನೆಗೋ ಅಕ್ಕನ ಮನೆಗೋ ಹೋಗಿ, ಬಾಡಿಗೆ ಕಾರಿನಲ್ಲಿ ಸುತ್ತುವವರು ಇನ್ನೊಂದು ಬಗೆ. ಸೀಟನ್ನು ಒಯ್ಯಬೇಕೋ ಬೇಡವೋ ಎಂಬುದು ವಿಮಾನಕ್ಕಿಂತ ಹೆಚ್ಚಾಗಿ ಇಳಿದ ಮೇಲೆ ಹತ್ತುವ ಕಾರನ್ನು ಅವಲಂಬಿಸಿದೆ. ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮೊದಲೇ ಆ ಕಾರು ಯಾವುದು, ಅದರ ಹಿಂದಿನ ಸೀಟಿನ ಬೆಲ್ಟು ಎಂಥದ್ದು ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕಾರ್ ಸೀಟು ನಿಜವಾಗಿಯೂ ಬೇಕೇ? ಊರಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಓಡಾಡುತ್ತೇವಲ್ಲ?

ಬೇಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಏನಾದರೂ ಗುದ್ದಿ ಕ್ಷಣಾರ್ಧದಲ್ಲಿ ನಿಂತಾಗ, 10 ಕಿಲೋ ತೂಕದ ಮಗು 100 ಕಿಲೋ ಮೀರಿದ ಭಾರವಾಗಿ ಮುಂದಕ್ಕೆ ಚಿಮ್ಮುತ್ತದೆ, ಅಷ್ಟು ಭಾರವನ್ನು ಎಂಥ ಗಟ್ಟಿ ತೋಳಿನವರೂ ಹಿಡಿದಿಡಲಾರರು. ಮಗುವನ್ನೂ ಸೇರಿಸಿ ತಾವು ಬೆಲ್ಟು ಹಾಕಿಕೊಳ್ಳುವುದು ಇನ್ನೂ ಅಪಾಯಕರ, ಏಕೆಂದರೆ ದೊಡ್ಡವರ ಮೈಭಾರವೆಲ್ಲ ಮಗುವಿನ ಮೇಲೆ ಬಿದ್ದು ಅದು ಬೆಲ್ಟಿಗೂ ಮೈಗೂ ನಡುವೆ ನಲುಗುತ್ತದೆ.

ಕಾನೂನಿನ ಮಾತಿಗೆ ಬಂದರೆ, ಅಮೆರಿಕದ ಎಲ್ಲ ರಾಜ್ಯಗಳಲ್ಲಿಯೂ ಎಳೆಮಕ್ಕಳಿಗೆ ಕಾರ್ ಸೀಟು ಕಡ್ಡಾಯ; ವಯಸ್ಸು ಮತ್ತು ಎತ್ತರದ ಮಿತಿ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2017ರ ಜನವರಿಯಿಂದ ಎರಡು ವರ್ಷದೊಳಗಿನ ಮಗುವನ್ನು, ಅದು 40 ಪೌಂಡ್ ತೂಕವನ್ನೋ 40 ಇಂಚು ಎತ್ತರವನ್ನೋ ಮುಟ್ಟಿರದಿದ್ದರೆ, ಕಾರಿನ ಹಿಂಬದಿಗೆ ಮುಖ ಮಾಡಿದ ಸೀಟಿನಲ್ಲಿಯೇ ಕೂರಿಸಬೇಕು. ಭಾರತದಲ್ಲಿ ಇಂಥ ಕಾನೂನಿಲ್ಲ ಎಂಬ ನಂಬಿಕೆ ತಪ್ಪು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಸುರಕ್ಷಾ ಸೀಟಿನಿಂದಾಗಲಿ ಭದ್ರಪಡಿಸದೆ ವಾಹನ ಓಡಿಸಿದರೆ 1,000 ರೂಪಾಯಿ ದಂಡವಿದೆ. ಅದನ್ನು ವಸೂಲು ಮಾಡುವ ಪೊಲೀಸರು ಕಾಣಸಿಗುವುದು ಅಪರೂಪ ಎಂಬುದು ಬೇರೆ ಮಾತು.

ಹಾಗಾದರೆ ಸೀಟನ್ನು ಒಯ್ಯಬೇಕೋ, ಬಾಡಿಗೆಗೆ ಪಡೆಯಬೇಕೋ, ಅಲ್ಲಿಯೇ ಕೊಳ್ಳಬೇಕೋ?

ಮಗುವಿಗೆ ವಿಮಾನದಲ್ಲಿ ಸ್ವಂತ ಆಸನ ಇದ್ದು, ನಿಮ್ಮ ಸೀಟು ಇಳಿಯುವ ದೇಶದಲ್ಲಿಯೂ ಸಲ್ಲುವಂಥದ್ದಾಗಿದ್ದರೆ ಅದನ್ನೇ ಒಯ್ಯುವುದು ಎಲ್ಲಕ್ಕಿಂತ ಮೇಲು. ಮಗುವಿಗೆ ರೂಢಿಯಾದ ಜಾಗ, ನಿಮಗೆ ಕೈಗೂಡಿದ ಪಟ್ಟಿಗಳು, ಮತ್ತು ಅದರ ಪೂರ್ವಚರಿತ್ರೆ ನಿಮಗೆ ಗೊತ್ತಿರುತ್ತದೆ ಎಂಬ ನೆಮ್ಮದಿ, ಈ ಮೂರೂ ಅದರಲ್ಲಿ ಒಟ್ಟಿಗೆ ಸಿಗುತ್ತವೆ.

ಅಮೆರಿಕದಲ್ಲಿ ಕಾರು ಬಾಡಿಗೆಗೆ ಕೊಡುವ ಕಂಪನಿಗಳು ಸೀಟಿಗೆ ದಿನಕ್ಕೆ ಸಾಮಾನ್ಯವಾಗಿ 10ರಿಂದ 15 ಡಾಲರ್ ತೆಗೆದುಕೊಳ್ಳುತ್ತವೆ. ಎರಡು ಮೂರು ದಿನದ ಓಡಾಟಕ್ಕೆ ಇದು ಸಹ್ಯವೇ; ಆದರೆ ಮೂರು ವಾರದ ಪ್ರವಾಸಕ್ಕೆ ಲೆಕ್ಕ ಹಾಕಿದರೆ, ಅದೇ ಹಣದಲ್ಲಿ ಅಲ್ಲಿಯ ಅಂಗಡಿಯಲ್ಲಿ ಹೊಸ ಸೀಟು ಕೊಂಡು, ಬರುವಾಗ ಬಂಧುಗಳ ಮನೆಯಲ್ಲಿ ಬಿಟ್ಟು ಬರಬಹುದು. ಕಾಸ್ಕೋ ಸಿನೆರಾದಂತಹ ಸರಳ, ಹಗುರವಾದ ಸೀಟುಗಳು ನೂರು ಡಾಲರಿಗಿಂತ ಕಡಿಮೆಗೆ ಸಿಗುತ್ತವೆ, ಮತ್ತು ಅಗ್ಗದ ಸೀಟೂ ದುಬಾರಿ ಸೀಟೂ ಅಲ್ಲಿ ಒಂದೇ ಸುರಕ್ಷಾ ಮಾನದಂಡಕ್ಕೆ ಒಳಪಟ್ಟಿರುತ್ತವೆ. ಕೆಲವು ಬಾಡಿಗೆ ಕಂಪನಿಗಳು ದಿನಬಾಡಿಗೆಗೆ ಒಂದು ಗರಿಷ್ಠ ಮಿತಿ ಇಟ್ಟಿರುವುದುಂಟು; ಕಾಯ್ದಿರಿಸುವಾಗ ಅದನ್ನು ಕೇಳಿಕೊಳ್ಳಬೇಕು.

ಭಾರತದಿಂದ ಹೋಗುವವರಿಗೆ ನಮ್ಮ ಸಲಹೆ ಇನ್ನೂ ಸರಳ: ಅಲ್ಲಿರುವ ಮನೆಯವರಿಗೆ ಮಗುವಿನ ಈಗಿನ ತೂಕ ಮತ್ತು ಎತ್ತರವನ್ನು ತಿಳಿಸಿ, ಸೀಟನ್ನು ಮೊದಲೇ ತರಿಸಿ ಕಾರಿಗೆ ಕಟ್ಟಿಕೊಂಡು ವಿಮಾನ ನಿಲ್ದಾಣಕ್ಕೆ ಬರಲು ಹೇಳಿ. ಹದಿನೆಂಟು ಇಪ್ಪತ್ತು ಗಂಟೆ ಪ್ರಯಾಣಿಸಿ, ಅಳುವ ಮಗುವನ್ನು ಕಂಕುಳಲ್ಲಿಟ್ಟುಕೊಂಡು, ಪಾರ್ಕಿಂಗ್ ಜಾಗದಲ್ಲಿ ನಿಂತು ಕಂಡರಿಯದ ಸೀಟೊಂದನ್ನು ಕಂಡರಿಯದ ಕಾರಿಗೆ ಕಟ್ಟುವ ಕೆಲಸ ಯಾರಿಗೂ ಬೇಡ.

ಅಮೆರಿಕದ ಸೀಟು ಭಾರತದ ಕಾರಿಗೆ ಸರಿಹೊಂದುತ್ತದೆಯೇ?

ಬಹಳಷ್ಟು ಮಂದಿ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಮೆರಿಕದ ಸೀಟಿನ ಮೇಲೆ ಭಾರತದ ಎಐಎಸ್-072 ಮಾನದಂಡದ ಗುರುತು ಇರುವುದಿಲ್ಲ. ಆದರೆ ರಜೆಗೆ ಬಂದ ಕುಟುಂಬಕ್ಕೆ ನಿಜವಾಗಿ ಎದುರಾಗುವ ತೊಡಕು ಗುರುತಿನದಲ್ಲ, ಬೆಲ್ಟಿನದು.

ಅಮೆರಿಕದಲ್ಲಿ 1996ರ ಮಾದರಿಯಿಂದೀಚಿನ ಕಾರುಗಳಲ್ಲಿ ಪ್ರಯಾಣಿಕರ ಬೆಲ್ಟುಗಳು ಕಾರ್ ಸೀಟನ್ನು ಹಿಡಿದಿಡುವಂತೆ ಬಿಗಿಯಾಗಿ ನಿಲ್ಲಲೇಬೇಕೆಂಬ ನಿಯಮವಿದೆ. ಹೆಚ್ಚಿನ ಕಾರುಗಳಲ್ಲಿ ಭುಜದ ಬೆಲ್ಟನ್ನು ಪೂರ್ತಿ ಹೊರಗೆಳೆದು ಬಿಟ್ಟರೆ, ಅದು ಟಿಕ್ ಟಿಕ್ ಎನ್ನುತ್ತಾ ಒಳಗೆ ಸರಿದು, ಮತ್ತೆ ಹೊರಬರದಂತೆ ಹಿಡಿದುಕೊಳ್ಳುತ್ತದೆ. ಭಾರತದ ಹೆಚ್ಚಿನ ಕಾರುಗಳ ಬೆಲ್ಟಿಗೆ ಈ ಗುಣವಿಲ್ಲ. ಅದು ಜೋರಾಗಿ ಜಗ್ಗಿದಾಗ ಮಾತ್ರ ಹಿಡಿಯುತ್ತದೆ, ನಿಧಾನವಾಗಿ ಎಳೆದರೆ ಸಡಿಲವಾಗುತ್ತಲೇ ಹೋಗುತ್ತದೆ. ಹಾಗಾಗಿ ಅಮೆರಿಕದ ಸೀಟನ್ನು ಬೆಂಗಳೂರಿನ ಕಾರಿಗೆ ಬೆಲ್ಟಿನಿಂದ ಎಷ್ಟು ಬಿಗಿದು ಕಟ್ಟಿದರೂ, ನಾಲ್ಕು ತಿರುವು ಕಳೆಯುವಷ್ಟರಲ್ಲಿ ಅದು ಪಕ್ಕಕ್ಕೆ ವಾಲತೊಡಗುತ್ತದೆ.

ಇದಕ್ಕೆ ಮೂರು ಪರಿಹಾರಗಳಿವೆ. ನಿಮ್ಮ ಸೀಟಿನಲ್ಲಿಯೇ ಬೆಲ್ಟನ್ನು ಕಚ್ಚಿ ಹಿಡಿಯುವ ಲಾಕ್ಆಫ್ ಇದ್ದರೆ ಅದೇ ಸಾಕು. ಇಲ್ಲವಾದರೆ ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಲೋಹದ ಲಾಕಿಂಗ್ ಕ್ಲಿಪ್ ಬೇಕಾಗುತ್ತದೆ. ಸೊಂಟದ ಮತ್ತು ಭುಜದ ಪಟ್ಟಿಗಳೆರಡನ್ನೂ ಒಟ್ಟಿಗೆ ಹಿಡಿದಿಡುವ ಈ ಕ್ಲಿಪ್ಪನ್ನು ಬಕಲಿನ ನಾಲಿಗೆಯಿಂದ ಎರಡು ಮೂರು ಸೆಂಟಿಮೀಟರಿನೊಳಗೆ ಹಾಕಬೇಕು. ಅದನ್ನು ಹಾಕುವ ಕ್ರಮ ಸೀಟಿನ ಕೈಪಿಡಿಯಲ್ಲಿದ್ದರೆ ಹೊರಡುವ ಮೊದಲೇ ಮನೆಯ ಕಾರಿನಲ್ಲಿ ಅಭ್ಯಾಸ ಮಾಡಿಕೊಳ್ಳಿ. ಮೂರನೆಯದು ಎಲ್ಲಕ್ಕಿಂತ ಸುಲಭ: ಐಸೋಫಿಕ್ಸ್, ಅಂದರೆ ಬೆಲ್ಟಿಲ್ಲದೆಯೇ ಮಗುವಿನ ಸೀಟನ್ನು ಸಿಕ್ಕಿಸಲು ಹಿಂದಿನ ಸೀಟಿನ ಸಂದಿನಲ್ಲಿರುವ ಲೋಹದ ಸರಳುಗಳು, ಇರುವ ಕಾರನ್ನು ಆರಿಸಿಕೊಳ್ಳುವುದು. ಐಸೋಫಿಕ್ಸ್ ಸರಳುಗಳಿಗೂ ಅಮೆರಿಕದಲ್ಲಿ ಲ್ಯಾಚ್ ಎಂದು ಕರೆಯುವ ಕೊಂಡಿಗಳಿಗೂ ಅಳತೆ ಒಂದೇ ಆದ್ದರಿಂದ, ಅಲ್ಲಿಯ ಸೀಟಿನ ಕೊಕ್ಕೆಗಳನ್ನು ಇಲ್ಲಿಯ ಸರಳುಗಳಿಗೆ ಹಾಕಬಹುದು. ಬಾಡಿಗೆಗೆ ಹೇಳುವಾಗ ಕಾರಿನ ಹೆಸರಷ್ಟೇ ಕೇಳಿ ಸುಮ್ಮನಾಗದೆ, ಹಿಂದಿನ ಸೀಟಿನ ಬೆನ್ನಿಗೂ ಕೂರುವ ಭಾಗಕ್ಕೂ ನಡುವಿನ ಸಂದಿನ ಫೋಟೊ ಒಂದನ್ನು ಕಳುಹಿಸಲು ಹೇಳಿದರೆ ಐಸೋಫಿಕ್ಸ್ ಇದೆಯೋ ಇಲ್ಲವೋ ತಿಳಿದುಹೋಗುತ್ತದೆ.

ನಮ್ಮ ಊರುಗಳ ಇನ್ನೊಂದು ಸತ್ಯವನ್ನೂ ಹೇಳಬೇಕು. ಎಷ್ಟೋ ಟ್ಯಾಕ್ಸಿಗಳಲ್ಲಿ ಹಿಂದಿನ ಬೆಲ್ಟಿನ ಬಕಲು ದಪ್ಪ ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿರುತ್ತದೆ. ಹಿಂದಿನ ದಿನವೇ ಚಾಲಕರಿಗೆ ಫೋನ್ ಮಾಡಿ, “ಹಿಂದುಗಡೆ ಬೆಲ್ಟು ಹಾಕುವ ಹಾಗಿರಬೇಕು, ಕವರ್ ಸರಿಸಿಡಿ” ಎಂದು ಹೇಳಿದರೆ, ಮಧ್ಯರಾತ್ರಿ ಕೆಂಪೇಗೌಡ ವಿಮಾನ ನಿಲ್ದಾಣದ ಹೊರಗೆ ನಿಂತು ಕವರು ಬಿಚ್ಚುವ ಪ್ರಸಂಗ ತಪ್ಪುತ್ತದೆ.

ಭಾರತದಲ್ಲಿ ಕೊಂಡ ಸೀಟನ್ನು ಅಮೆರಿಕಕ್ಕೆ ಒಯ್ಯಬಹುದೇ?

ಒಯ್ದು ಪ್ರಯೋಜನವಿಲ್ಲ. ಅಲ್ಲಿ ಬಳಸುವ ಸೀಟು ಅಮೆರಿಕದ ಎಫ್‌ಎಂವಿಎಸ್‌ಎಸ್ 213 ಮಾನದಂಡಕ್ಕೆ ಒಪ್ಪಿದೆ ಎಂಬ ಬರಹವನ್ನು ಹೊಂದಿರಬೇಕು. ಭಾರತದಲ್ಲಿ ಮಾರಾಟವಾಗುವ ಸೀಟುಗಳು ಸಾಮಾನ್ಯವಾಗಿ ಯೂರೋಪಿನ ಆರ್44 ಅಥವಾ ಅದರ ಜಾಡಿನಲ್ಲಿರುವ ನಮ್ಮ ಮಾನದಂಡಕ್ಕೆ ತಕ್ಕಂತೆ ತಯಾರಾದವು. ಇದೇ ಮಾತು ಉಳಿದ ದೇಶಗಳಿಗೂ ಅನ್ವಯಿಸುತ್ತದೆ. ಬ್ರಿಟನ್ ಮತ್ತು ಯೂರೋಪಿನಲ್ಲಿ ಆರ್44 ಅಥವಾ ಆರ್129 ಗುರುತು ಇರಬೇಕು, ಆಸ್ಟ್ರೇಲಿಯಾದಲ್ಲಿ ಅಲ್ಲಿಯದೇ ಎಎಸ್/ಎನ್‌ಜೆಡ್‌ಎಸ್ 1754 ಗುರುತು ಇರಬೇಕು. ಅಮೆರಿಕದಿಂದ ಬರುವಾಗ ದಾರಿಯಲ್ಲಿ ಲಂಡನ್ನಿನಲ್ಲೋ ಫ್ರಾಂಕ್‌ಫರ್ಟಿನಲ್ಲೋ ನಾಲ್ಕು ದಿನ ಇಳಿದು ಕಾರು ಪಡೆಯುವವರು, ಆ ನಾಲ್ಕು ದಿನಕ್ಕೆ ಅಲ್ಲಿಯ ಸೀಟನ್ನೇ ಬಾಡಿಗೆಗೆ ಪಡೆಯುವುದು ಸರಿ.

ಎರಡು ವರ್ಷದೊಳಗಿನ ಮಗುವಿಗೆ ವಿಮಾನದಲ್ಲಿ ಬೇರೆ ಆಸನ ಕೊಳ್ಳಲೇಬೇಕೇ?

ಕೊಳ್ಳಲೇಬೇಕು ಎಂದು ನಿಯಮ ಹೇಳುವುದಿಲ್ಲ. ಎರಡು ವರ್ಷ ತುಂಬುವವರೆಗೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ವಿಮಾನ ಸಂಸ್ಥೆಗಳು ಅವಕಾಶ ಕೊಡುತ್ತವೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಅದಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ ಹತ್ತನೆಯ ಒಂದು ಭಾಗದಷ್ಟು ತೆಗೆದುಕೊಳ್ಳುತ್ತವೆ. ಆದರೆ ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ, ಮಗುವಿಗೆ ಸ್ವಂತ ಆಸನ ಮತ್ತು ಒಪ್ಪಿಗೆ ಪಡೆದ ಸೀಟು ಇರುವುದೇ ಸುರಕ್ಷಿತ ಎಂದು ಒತ್ತಿ ಹೇಳುತ್ತದೆ, ಏಕೆಂದರೆ ವಿಮಾನ ಹಠಾತ್ತನೆ ಕುಸಿದು ಅಲುಗಾಡಿದಾಗ ತೊಡೆಯ ಮೇಲಿನ ಮಗುವನ್ನು ಕೈಯಿಂದ ಹಿಡಿದಿಡುವುದು ಆಗದ ಕೆಲಸ.

ಇಷ್ಟು ಹೇಳುವವರು ಕಡ್ಡಾಯವನ್ನೇಕೆ ಮಾಡಲಿಲ್ಲ ಎಂದು ಕೇಳುವವರಿದ್ದಾರೆ. 1989ರ ಜುಲೈ 19ರಂದು ಯುನೈಟೆಡ್ ಸಂಸ್ಥೆಯ 232ನೇ ವಿಮಾನ ಅಯೋವಾದ ಸೂ ಸಿಟಿಯಲ್ಲಿ ತುರ್ತಾಗಿ ಇಳಿಯುವಾಗ ನೆಲಕ್ಕಪ್ಪಳಿಸಿತು. ಅದರಲ್ಲಿ ತೊಡೆಯ ಮೇಲಿದ್ದ ಮಕ್ಕಳಲ್ಲಿ ಒಂದು ಮಗು ತೀರಿಕೊಂಡಿತು. ಅಪಘಾತಗಳ ತನಿಖೆ ಮಾಡುವ ಎನ್‌ಟಿಎಸ್‌ಬಿ ಅಂದಿನಿಂದಲೂ ಪ್ರತಿ ಮಗುವಿಗೂ ಆಸನ ಇರಬೇಕೆಂದು ಶಿಫಾರಸು ಮಾಡುತ್ತಾ ಬಂದಿದೆ. ಎಫ್‌ಎಎ ಒಪ್ಪದಿರುವುದಕ್ಕೆ ಕೊಡುವ ಕಾರಣ ಕುತೂಹಲದ್ದು: ಟಿಕೆಟ್ ಕೊಳ್ಳಲೇಬೇಕೆಂದರೆ ಕೆಲವು ಕುಟುಂಬಗಳು ವಿಮಾನ ಬಿಟ್ಟು ಕಾರಿನಲ್ಲಿ ಹೊರಡುತ್ತವೆ, ರಸ್ತೆಯ ಅಪಾಯ ಆಕಾಶದ ಅಪಾಯಕ್ಕಿಂತ ಎಷ್ಟೋ ಹೆಚ್ಚು, ಹಾಗಾಗಿ ಒಟ್ಟು ಲೆಕ್ಕದಲ್ಲಿ ಹೆಚ್ಚು ಮಕ್ಕಳು ಸಾಯುತ್ತಾರೆ ಎನ್ನುವುದು ಅದರ ವಾದ. ಅಮೆರಿಕದೊಳಗಿನ ಪ್ರಯಾಣಕ್ಕೆ ಈ ವಾದದಲ್ಲಿ ಹುರುಳಿರಬಹುದು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಕಾರಿನಲ್ಲಿ ಬರುವ ದಾರಿಯೇ ಇಲ್ಲದ ನಮಗೆ ಅದು ಅನ್ವಯಿಸುವುದಿಲ್ಲ. ನಮ್ಮ ಮಟ್ಟಿಗೆ ಇದು ಕೈಯಲ್ಲಿರುವ ಹಣದ ಪ್ರಶ್ನೆ ಮಾತ್ರ. ಹಣ ಹೊಂದುವುದಾದರೆ, ಒಂದು ವರ್ಷ ದಾಟಿದ ಮಗುವಿಗೆ ಆಸನ ಕೊಳ್ಳಿ ಎಂದೇ ನಾವು ಹೇಳುತ್ತೇವೆ. ಅಷ್ಟು ದೀರ್ಘ ಪ್ರಯಾಣದಲ್ಲಿ ಮಗು ತನ್ನ ಸೀಟಿನಲ್ಲಿ ನಿದ್ದೆ ಮಾಡಿದರೆ ತಂದೆತಾಯಿಯರ ತೋಳಿಗೂ ಬಿಡುವು ಸಿಗುತ್ತದೆ.

ಹೋಗುವಾಗ ಎರಡು ವರ್ಷದೊಳಗಿದ್ದ ಮಗುವಿಗೆ ಪ್ರವಾಸದ ನಡುವೆ ಹುಟ್ಟುಹಬ್ಬ ಬಂದರೆ, ಹಿಂತಿರುಗುವಾಗ ಆಸನ ಕಡ್ಡಾಯವಾಗುತ್ತದೆ ಎಂಬುದನ್ನೂ ಟಿಕೆಟ್ ಕಾಯ್ದಿರಿಸುವಾಗಲೇ ನೆನಪಿಡಬೇಕು.

ನಮ್ಮ ಸೀಟನ್ನು ವಿಮಾನದೊಳಗೆ ಬಳಸಬಹುದು ಎಂದು ತಿಳಿಯುವುದು ಹೇಗೆ?

ಸೀಟಿನ ಪಕ್ಕದಲ್ಲೋ ಅಡಿಯಲ್ಲೋ ಅಂಟಿಸಿರುವ ಪಟ್ಟಿಯನ್ನು ಓದಿ. ಅಮೆರಿಕದ ಸೀಟಾಗಿದ್ದರೆ, ಮೋಟಾರು ವಾಹನದಲ್ಲಿಯೂ ವಿಮಾನದಲ್ಲಿಯೂ ಬಳಸಲು ಪ್ರಮಾಣಿತವಾಗಿದೆ ಎಂಬ ಸಾಲು ಕೆಂಪು ಅಕ್ಷರಗಳಲ್ಲಿ ಇರುತ್ತದೆ. ಅದರ ಫೋಟೊ ಫೋನಿನಲ್ಲಿ ಇಟ್ಟುಕೊಂಡರೆ, ಸಿಬ್ಬಂದಿ ಕೇಳಿದಾಗ ಸೀಟನ್ನು ತಲೆಕೆಳಗು ಮಾಡಿ ಹುಡುಕಬೇಕಾಗುವುದಿಲ್ಲ. ಸ್ವಲ್ಪ ದೊಡ್ಡ ಮಕ್ಕಳನ್ನು ಎತ್ತರಿಸಿ ಕೂರಿಸುವ ಬರೀ ಬೂಸ್ಟರ್ ಸೀಟುಗಳಿಗೆ ಈ ಒಪ್ಪಿಗೆ ಇರುವುದಿಲ್ಲ, ಏಕೆಂದರೆ ಅವುಗಳಿಗೆ ಭುಜದ ಬೆಲ್ಟು ಬೇಕು, ವಿಮಾನದ ಆಸನದಲ್ಲಿರುವುದು ಸಾಮಾನ್ಯವಾಗಿ ಸೊಂಟದ ಬೆಲ್ಟು ಮಾತ್ರ.

ಅಗಲವನ್ನೂ ಅಳೆಯಬೇಕು. 16 ಇಂಚು, ಅಂದರೆ ಸುಮಾರು 40 ಸೆಂಟಿಮೀಟರಿಗಿಂತ ಅಗಲವಾದ ಸೀಟು ಹೆಚ್ಚಿನ ವಿಮಾನಗಳ ಎಕಾನಮಿ ಆಸನದಲ್ಲಿ ಕೂರುವುದು ಕಷ್ಟ ಎಂದು ಎಫ್‌ಎಎ ತಿಳಿಸುತ್ತದೆ. ಬಿಸಿನೆಸ್ ವರ್ಗದಲ್ಲಿ ಜಾಗ ಧಾರಾಳವಿದ್ದರೂ, ಓರೆಯಾಗಿ ಜೋಡಿಸಿದ ಆಸನಗಳಿಗೂ ಬೆಲ್ಟಿನೊಳಗೆ ಏರ್‌ಬ್ಯಾಗ್ ಇರುವ ಆಸನಗಳಿಗೂ ಕಾರ್ ಸೀಟು ಹೊಂದುವುದಿಲ್ಲ. ಹೆಚ್ಚು ಹಣ ಕೊಟ್ಟು ಟಿಕೆಟ್ ಪಡೆದ ಮೇಲೆ ಇದು ತಿಳಿದರೆ ಬೇಸರವಾಗುವುದು ಸಹಜ.

ಅಮೆರಿಕದ ವಿಮಾನ ಸಂಸ್ಥೆಗಳು, ಟಿಕೆಟ್ ಇರುವ ಮಗುವಿಗೆ ಒಪ್ಪಿಗೆ ಪಡೆದ ಸೀಟನ್ನು ಬಳಸಬಾರದು ಎನ್ನುವಂತಿಲ್ಲ. ಬೆಂಗಳೂರಿಗೆ ಬರುವ ಕೊಲ್ಲಿ ದೇಶಗಳ, ಯೂರೋಪಿನ ಮತ್ತು ಭಾರತದ ಸಂಸ್ಥೆಗಳಿಗೆ ಅವರವರದೇ ನಿಯಮಗಳಿವೆ. ಆದ್ದರಿಂದ ಸೀಟಿನ ತಯಾರಕರ ಹೆಸರು, ಮಾದರಿ ಮತ್ತು ಅಗಲವನ್ನು ಕೊಟ್ಟು ಮುಂಚಿತವಾಗಿ ಲಿಖಿತ ಒಪ್ಪಿಗೆ ಪಡೆಯಿರಿ. ದುಬೈ, ದೋಹಾ ಅಥವಾ ಲಂಡನ್ನಿನಲ್ಲಿ ವಿಮಾನ ಬದಲಿಸುವವರು, ಎರಡನೆಯ ವಿಮಾನವನ್ನು ಯಾವ ಸಂಸ್ಥೆ ನಡೆಸುತ್ತದೆ ಎಂದು ನೋಡಿ ಅವರನ್ನೂ ಕೇಳಬೇಕು. ಒಂದೇ ಟಿಕೆಟಿನಲ್ಲಿ ಎರಡು ಸಂಸ್ಥೆಗಳ ವಿಮಾನಗಳಿರುವುದು ಅಪರೂಪವಲ್ಲ.

ವಿಮಾನದ ಆಸನಕ್ಕೆ ಸೀಟನ್ನು ಕಟ್ಟುವ ಕ್ರಮ ಯಾವುದು?

ಸೀಟನ್ನು ಸಾಮಾನ್ಯವಾಗಿ ಕಿಟಕಿಯ ಪಕ್ಕದಲ್ಲಿ ಇಡಿಸುತ್ತಾರೆ, ಏಕೆಂದರೆ ತುರ್ತು ಸಂದರ್ಭದಲ್ಲಿ ಬೇರೆಯವರು ಹೊರಬರುವ ದಾರಿಗೆ ಅದು ಅಡ್ಡವಾಗಬಾರದು. ಇದೇ ಕಾರಣಕ್ಕೆ ತುರ್ತು ಬಾಗಿಲಿನ ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ. ಕಾರಿನಲ್ಲಿ ಬಳಸುವ ಕೊಕ್ಕೆಗಳು, ಸೀಟಿನ ಮೇಲ್ಭಾಗವನ್ನು ಕಾರಿಗೆ ಬಿಗಿಯುವ ಟೆದರ್ ಪಟ್ಟಿ ಮತ್ತು ಕೆಳಗಿನ ಪ್ರತ್ಯೇಕ ಬೇಸ್ ಇವಾವುವೂ ವಿಮಾನದಲ್ಲಿ ಬೇಕಿಲ್ಲ. ಸೀಟಿನ ಮೇಲೆ ಗುರುತು ಮಾಡಿರುವ ಬೆಲ್ಟಿನ ದಾರಿಯಲ್ಲಿ ವಿಮಾನದ ಸೊಂಟದ ಬೆಲ್ಟನ್ನು ತೂರಿಸಿ, ಮೊಣಕಾಲನ್ನು ಸೀಟಿನಲ್ಲಿ ಊರಿ, ಬೆಲ್ಟನ್ನು ಬಿಗಿಯಬೇಕು.

ಎರಡು ಚಿಕ್ಕ ಸಂಗತಿಗಳು ಬಳಸಿದವರಿಗಷ್ಟೇ ಗೊತ್ತಿರುತ್ತವೆ. ಮುಮ್ಮುಖವಾಗಿ ಕಟ್ಟಿದಾಗ ವಿಮಾನದ ಬಕಲು ಕೆಲವು ಸೀಟುಗಳಲ್ಲಿ ಮಗುವಿನ ಬೆನ್ನಿನ ಹಿಂದೆಯೇ ಬಂದು ಒತ್ತುತ್ತದೆ; ಒಂದು ತೆಳು ಬಟ್ಟೆಯನ್ನು ಕವರಿನ ಹಿಂದೆ ಅಡ್ಡಲಾಗಿಡುವುದಕ್ಕೆ ಮೊದಲು ಕೈಪಿಡಿ ಅದಕ್ಕೆ ಒಪ್ಪುತ್ತದೆಯೇ ನೋಡಿ, ಇಲ್ಲವಾದರೆ ಬಕಲಿನ ಜಾಗ ಬದಲಾಗುವಂತೆ ಬೆಲ್ಟಿನ ವಿಸ್ತರಣೆಯನ್ನು ಸಿಬ್ಬಂದಿಯಿಂದ ಕೇಳಿ. ಎರಡನೆಯದಾಗಿ, ಬಕಲಿನ ಮುಚ್ಚಳ ಎತ್ತುವ ಬದಿ ಸೀಟಿನ ಪ್ಲಾಸ್ಟಿಕ್ ಚಿಪ್ಪಿಗೆ ಒತ್ತಿಕೊಂಡಿದ್ದರೆ ಇಳಿಯುವಾಗ ಬಿಚ್ಚುವುದು ದೊಡ್ಡ ಪಾಡಾಗುತ್ತದೆ. ಕಟ್ಟಿದ ಕೂಡಲೇ ಒಮ್ಮೆ ಬಿಚ್ಚಿ ನೋಡಿಕೊಳ್ಳಿ.

ಹಿಮ್ಮುಖವಾಗಿ ಕಟ್ಟಿದರೆ ಮುಂದಿನ ಸಾಲಿನ ಪ್ರಯಾಣಿಕರು ಬೆನ್ನು ಒರಗಿಸಲಾಗುವುದಿಲ್ಲ. ಜಗಳ ಆಗುವುದು ಇಲ್ಲಿಯೇ. ಆ ಆಸನದಲ್ಲಿ ಕುಟುಂಬದವರೇ ಒಬ್ಬರು ಕೂರುವಂತೆ ಮೊದಲೇ ಆರಿಸಿಕೊಂಡರೆ ಮಾತಿಗೆ ಅವಕಾಶವಿರುವುದಿಲ್ಲ.

ಕೇರ್ಸ್ ಪಟ್ಟಿ, ಬ್ಯಾಸಿನೆಟ್ ಇವು ಕಾರ್ ಸೀಟಿನ ಬದಲಿಗೆ ಸಾಲವೇ?

ವಿಮಾನದ ಮಟ್ಟಿಗೆ ಕೇರ್ಸ್ ಒಳ್ಳೆಯ ಆಯ್ಕೆ. ಆಸನದ ಬೆನ್ನಿಗೆ ಸುತ್ತಿ ವಿಮಾನದ ಬೆಲ್ಟಿನೊಂದಿಗೆ ಜೋಡಿಸುವ ಈ ಹಾರ್ನೆಸ್ಸಿಗೆ ಎಫ್‌ಎಎ ಒಪ್ಪಿಗೆಯಿದೆ; 10ರಿಂದ 20 ಕಿಲೋ ತೂಕದ, ಸುಮಾರು ಒಂದು ಮೀಟರ್ ಎತ್ತರದವರೆಗಿನ, ಸ್ವಂತ ಆಸನ ಇರುವ ಮಗುವಿಗೆ ಅದು ಹೊಂದುತ್ತದೆ ಮತ್ತು ಮಡಚಿದರೆ ಕೈಚೀಲದಲ್ಲಿ ಹಿಡಿಸುತ್ತದೆ. ಆದರೆ ಅದನ್ನು ಕಾರಿನಲ್ಲಿ ಬಳಸುವಂತಿಲ್ಲ, ಆದ್ದರಿಂದ ಇಳಿದ ಕಡೆ ಬೇರೆ ಸೀಟು ಸಿದ್ಧವಿದ್ದಾಗ ಮಾತ್ರ ಅದರಿಂದ ಅನುಕೂಲ.

ಬ್ಯಾಸಿನೆಟ್, ಅಂದರೆ ವಿಮಾನದೊಳಗೆ ಸಿಕ್ಕಿಸಿಕೊಡುವ ಪುಟ್ಟ ತೊಟ್ಟಿಲು, ಕೂಸುಗಳಿಗೆ. ನಡೆಯಲು ಕಲಿತ ಮಗು ಅದರ ತೂಕದ ಅಥವಾ ಉದ್ದದ ಮಿತಿಯನ್ನು ಮೀರಿರುವುದೇ ಹೆಚ್ಚು, ಮತ್ತು ಹಾರುವಾಗ, ಇಳಿಯುವಾಗ ಅದರಲ್ಲಿ ಮಲಗಿಸುವಂತಿಲ್ಲ. ತೊಡೆಯ ಮೇಲಿನ ಮಗುವಿಗೆಂದು ಭಾರತದ ಮತ್ತು ಯೂರೋಪಿನ ಸಂಸ್ಥೆಗಳು ಕೊಡುವ ಪುಟ್ಟ ಬೆಲ್ಟನ್ನು ಅಮೆರಿಕದ ಸಂಸ್ಥೆಗಳು ಕೊಡುವುದಿಲ್ಲ. ಹಾರುವಾಗ ಮತ್ತು ಇಳಿಯುವಾಗ ಅದರ ಬಳಕೆಗೆ ಅಲ್ಲಿ ಅನುಮತಿಯಿಲ್ಲ.

ಸೀಟನ್ನು ಲಗೇಜಿಗೆ ಹಾಕಿದರೆ ಹಾಳಾಗುವುದೇ?

ಹಾಳಾಗಬಹುದು, ಮತ್ತು ಹಾಳಾದದ್ದು ಹೊರಗೆ ಕಾಣದೆಯೂ ಇರಬಹುದು. ಚಿಂತೆಯ ವಿಷಯ ಈ ಎರಡನೆಯದೇ. ಚೆಕ್‌ಇನ್ ಕೌಂಟರಿನಲ್ಲಿ ಕೊಟ್ಟ ಸೀಟು ಹತ್ತಾರು ಕೈಗಳನ್ನೂ ಲಗೇಜು ಸಾಗಿಸುವ ಬೆಲ್ಟುಗಳನ್ನೂ ದಾಟಿ ಬರುತ್ತದೆ. ವಿಮಾನದ ಬಾಗಿಲಿನವರೆಗೆ ನೀವೇ ಒಯ್ದು ಅಲ್ಲಿ ಗೇಟ್ ಚೆಕ್ ಮಾಡಿಸಿದರೆ ಕೈ ಬದಲಾಗುವುದು ಕಡಿಮೆ. ಆದರೆ ನಡುವೆ ವಿಮಾನ ಬದಲಿಸುವವರು, ಸೀಟು ಮುಂದಿನ ಗೇಟಿನಲ್ಲಿ ಸಿಗುತ್ತದೆಯೋ ನೇರವಾಗಿ ಕೊನೆಯ ಊರಿನ ಬೆಲ್ಟಿಗೆ ಹೋಗುತ್ತದೆಯೋ ಎಂದು ಚೀಟಿ ಅಂಟಿಸುವಾಗಲೇ ಕೇಳಬೇಕು. ಹೆಚ್ಚಿನ ಸಂಸ್ಥೆಗಳು ಮಗುವಿನ ಸೀಟಿಗೆ ಪ್ರತ್ಯೇಕ ಲಗೇಜ್ ಶುಲ್ಕ ವಿಧಿಸುವುದಿಲ್ಲ.

ಕೊಂಡಾಗ ಬಂದ ರಟ್ಟಿನ ಪೆಟ್ಟಿಗೆ ಮತ್ತು ಥರ್ಮೋಕೋಲ್ ಇದ್ದರೆ ಅದರಲ್ಲಿಯೇ ಕಳುಹಿಸುವುದು ಎಲ್ಲಕ್ಕಿಂತ ಭದ್ರ. ಚೀಲದಲ್ಲಿ ಹಾಕುವವರು ಡೈಪರ್ ಪೊಟ್ಟಣ, ಬಟ್ಟೆಗಳನ್ನು ಸುತ್ತ ತುಂಬುತ್ತಾರೆ. ಅದು ತಪ್ಪಲ್ಲ, ಆದರೆ ಉಪ್ಪಿನಕಾಯಿ ಭರಣಿ, ಚಟ್ನಿಪುಡಿ ಡಬ್ಬಿಗಳನ್ನು ಅದರಲ್ಲಿ ತುರುಕಬೇಡಿ, ಚೀಲ ಭಾರವಾದಷ್ಟೂ ಅದು ಬೀಳುವ ಪೆಟ್ಟು ಜೋರಾಗುತ್ತದೆ. ಇಳಿದ ಕೂಡಲೇ ಲಗೇಜ್ ಬೆಲ್ಟಿನ ಬಳಿಯೇ ಬಿಚ್ಚಿ, ಚಿಪ್ಪಿನಲ್ಲಿ ಬಿರುಕು, ಬಿಳಿಯ ಒತ್ತಡದ ಗೆರೆ, ಸಡಿಲವಾದ ಬಕಲು ಇವೆಯೇ ನೋಡಿ. ಇದ್ದರೆ ಅಲ್ಲಿಯೇ ದೂರು ಬರೆಸಿ ಪ್ರತಿಯನ್ನು ಪಡೆಯಿರಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಹಾಳಾದ ಲಗೇಜಿನ ಬಗ್ಗೆ ಅದು ಕೈಸೇರಿದ 7 ದಿನದೊಳಗೆ ಲಿಖಿತ ದೂರು ಕೊಡಬೇಕು.

ಬಾಡಿಗೆ ಸೀಟು ಕೈಗೆ ಬಂದಾಗ ಏನೇನು ನೋಡಬೇಕು?

ಮೊದಲು ಸೀಟಿಗೆ ಅಂಟಿಸಿರುವ ವಿವರದ ಚೀಟಿಯನ್ನು ಓದಿ. ಅದರಲ್ಲಿ ಮಾದರಿಯ ಹೆಸರು, ತಯಾರಾದ ದಿನಾಂಕ, ತೂಕ ಮತ್ತು ಎತ್ತರದ ಮಿತಿ ಇರಬೇಕು. ಕಾರ್ ಸೀಟುಗಳಿಗೂ ಅವಧಿ ಇರುತ್ತದೆ, ಸಾಮಾನ್ಯವಾಗಿ ತಯಾರಾದಲ್ಲಿಂದ 6ರಿಂದ 10 ವರ್ಷ. ಆ ಚೀಟಿ ಹರಿದುಹೋಗಿದ್ದರೆ ಆ ಸೀಟನ್ನು ಹಿಂತಿರುಗಿಸಿ ಬೇರೆ ಕೇಳಿ. ಮಗುವನ್ನು ಸೀಟಿಗೆ ಬಿಗಿಯುವ ಪಟ್ಟಿಗಳ, ಅಂದರೆ ಹಾರ್ನೆಸ್ಸಿನ, ಅಂಚು ಎಳೆ ಬಿಟ್ಟಿದೆಯೇ, ಬಕಲು ಕ್ಲಿಕ್ ಎಂದು ಕೂರುತ್ತದೆಯೇ, ಬಿಗಿಮಾಡುವ ಪಟ್ಟಿ ಎಳೆದರೆ ಜಾರದೆ ನಿಲ್ಲುತ್ತದೆಯೇ ಎಂದು ಕೈಯಿಂದಲೇ ಪರೀಕ್ಷಿಸಬೇಕು. ಕೈಪಿಡಿಯನ್ನು ಕೊಡುವವರು ಕಡಿಮೆ, ಆದ್ದರಿಂದ ಮಾದರಿಯ ಹೆಸರಿನಿಂದ ತಯಾರಕರ ತಾಣದಲ್ಲಿ ಹುಡುಕಿ ಇಳಿಸಿಕೊಳ್ಳಿ. ಅಮೆರಿಕದಲ್ಲಾದರೆ ಅಲ್ಲಿಯ ರಸ್ತೆ ಸುರಕ್ಷತೆಯ ಸರ್ಕಾರಿ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಆ ಮಾದರಿಯನ್ನು ದೋಷದ ಕಾರಣ ಹಿಂಪಡೆಯಲಾಗಿದೆಯೇ ಎಂಬುದನ್ನೂ ನೋಡಬಹುದು.

ಕೌಂಟರಿನವರು ಸೀಟನ್ನು ಕಾರಿಗೆ ಕಟ್ಟಿಕೊಡುವುದಿಲ್ಲ. ಹೊಣೆಗಾರಿಕೆಯ ಭಯದಿಂದ ಕೈಯನ್ನೂ ಹಚ್ಚುವುದಿಲ್ಲ. ಬೆಂಗಳೂರಿನಲ್ಲಿ ಮಕ್ಕಳ ಸಾಮಾನುಗಳನ್ನು ಬಾಡಿಗೆಗೆ ಕೊಡುವವರು ಮನೆಬಾಗಿಲಿಗೆ ತಂದುಕೊಡುವುದುಂಟು, ಆದರೆ ಅಲ್ಲಿಯೂ ಕಟ್ಟುವ ಕೆಲಸ ನಿಮ್ಮದೇ ಎಂದು ತಿಳಿದು ಸಿದ್ಧರಾಗಿರಿ.

ಪರಿಚಯದವರು ತಮ್ಮ ಹಳೆಯ ಸೀಟನ್ನು ಕೊಡುತ್ತೇವೆ ಎನ್ನುತ್ತಾರೆ. ತೆಗೆದುಕೊಳ್ಳಬಹುದೇ?

ಅವರು ಆ ಸೀಟನ್ನು ಹೊಸದಾಗಿ ಕೊಂಡವರಾಗಿದ್ದು, ಅದು ಅಪಘಾತದಲ್ಲಿ ಸಿಲುಕಿಲ್ಲ ಎಂದು ನೇರವಾಗಿ ಹೇಳಬಲ್ಲವರಾಗಿದ್ದರೆ ಧಾರಾಳವಾಗಿ ತೆಗೆದುಕೊಳ್ಳಿ. ಸಂಕೋಚಪಟ್ಟು ಕೇಳದಿರುವುದು ಸರಿಯಲ್ಲ. ಮೂರು ನಾಲ್ಕು ಮನೆ ಸುತ್ತಿ ಬಂದ ಸೀಟಾದರೆ ಬೇಡ ಎನ್ನುವುದೇ ಲೇಸು.

ಟ್ಯಾಕ್ಸಿ, ಉಬರ್, ಬಸ್ಸುಗಳಲ್ಲಿ ಏನು ಮಾಡುವುದು?

ನ್ಯೂಯಾರ್ಕ್ ನಗರದ ಟ್ಯಾಕ್ಸಿಗಳಿಗೆ ಕಾರ್ ಸೀಟಿನ ನಿಯಮದಿಂದ ವಿನಾಯಿತಿ ಇದೆ. ವಿನಾಯಿತಿ ಚಾಲಕರಿಗೆ ದಂಡದಿಂದಲೇ ಹೊರತು ಮಗುವಿಗೆ ಪೆಟ್ಟಿನಿಂದಲ್ಲ. ಮಗುವಿನ ಸೀಟು ಇರುವ ಉಬರ್ ಅಂತಹ ಕೆಲವೇ ನಗರಗಳಲ್ಲಿ ಸಿಗುತ್ತದೆ. ಉಳಿದ ಕಡೆ ಸೀಟಿಲ್ಲದ ಮಗುವನ್ನು ಕಂಡ ಚಾಲಕರು ಹತ್ತಿಸಿಕೊಳ್ಳದೆ ಹೋಗಿಬಿಡುವ ಸಂಭವವೂ ಇದೆ. ಬೆಂಗಳೂರಿನ ಆಪ್ ಕ್ಯಾಬುಗಳಲ್ಲಿ ಸೀಟನ್ನು ನಿರೀಕ್ಷಿಸಬೇಡಿ. ಆಟೋದಲ್ಲಿ ಕಟ್ಟಲು ಬೆಲ್ಟೇ ಇಲ್ಲ.

ಬೆಂಗಳೂರಿನಿಂದ ಊರಿಗೆ ಐದಾರು ಗಂಟೆಯ ದಾರಿ. ಮಗು ಅಷ್ಟು ಹೊತ್ತು ಸೀಟಿನಲ್ಲಿ ಕೂರುತ್ತದೆಯೇ?

ಕೂರುತ್ತದೆ, ಆದರೆ ನೀವು ನಿಲ್ಲಿಸುತ್ತಾ ಹೋಗಬೇಕು. ಶಿವಮೊಗ್ಗ, ಹಾಸನ, ಮಂಗಳೂರಿನ ದಾರಿಗಳಲ್ಲಿ ಗಂಟೆ ಒಂದೂವರೆ ಗಂಟೆಗೊಮ್ಮೆ ಇಳಿಸಿ ಓಡಾಡಿಸುವುದನ್ನು ಲೆಕ್ಕದಲ್ಲಿಟ್ಟುಕೊಂಡೇ ಹೊರಡಿ. ಚಲಿಸುವ ಕಾರಿನಲ್ಲಿ ಹಾಲು ಕುಡಿಸಲು ಮಗುವನ್ನು ಬಿಚ್ಚಿ ಎತ್ತಿಕೊಳ್ಳಬಾರದು. ಕಾರು ನಿಲ್ಲಿಸಿಯೇ ಕುಡಿಸಬೇಕು. ಶಿರಾಡಿ, ಆಗುಂಬೆ ಘಾಟಿಗಳ ತಿರುವಿನಲ್ಲಿ ವಾಂತಿ ಮಾಡುವ ಮಕ್ಕಳಿಗೆ ಘಾಟಿಗೆ ಸ್ವಲ್ಪ ಮೊದಲು ಹೊಟ್ಟೆ ತುಂಬ ತಿನ್ನಿಸಬೇಡಿ, ಸೀಟಿನ ಕವರಿನ ಮೇಲೆ ಒಂದು ತೆಳು ಬಟ್ಟೆ ಹಾಸಿ. ಪ್ಲಾಸ್ಟಿಕ್ ಹಾಳೆಯಾಗಲಿ ದಪ್ಪ ದಿಂಬಾಗಲಿ ಮಗುವಿಗೂ ಸೀಟಿಗೂ ನಡುವೆ ಇರಬಾರದು.

ಮಗುವಿಗಿಂತ ಮನೆಯ ಹಿರಿಯರನ್ನು ಒಪ್ಪಿಸುವುದೇ ಕೆಲವೊಮ್ಮೆ ಕಷ್ಟ. “ಅಯ್ಯೋ, ಕೂಸನ್ನು ಹೀಗೆ ಕಟ್ಟಿಹಾಕಿದ್ದೀರಲ್ಲ, ಇಲ್ಲಿ ಕೊಡಿ, ನಾನು ಎತ್ತಿಕೊಳ್ಳುತ್ತೇನೆ” ಎಂದು ಅಜ್ಜಿ ಕೈಚಾಚಿದಾಗ ಕಾಯ್ದೆ ಕಾನೂನು ಹೇಳಿದರೆ ನಡೆಯುವುದಿಲ್ಲ. ಅಜ್ಜಿಯನ್ನು ಮಗುವಿನ ಪಕ್ಕದಲ್ಲಿಯೇ ಕೂರಿಸಿ, ಕೈ ಹಿಡಿದುಕೊಳ್ಳುವ, ಹಾಡು ಹೇಳುವ ಕೆಲಸವನ್ನು ಅವರಿಗೇ ವಹಿಸಿ. ಹೆಚ್ಚಿನ ಮನೆಗಳಲ್ಲಿ ಇದು ಫಲಿಸುತ್ತದೆ. ಹಿಮ್ಮುಖ ಸೀಟನ್ನು ಮಾತ್ರ ಯಾವ ಕಾರಣಕ್ಕೂ ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಕಟ್ಟಬಾರದು.

ಡಿಸೆಂಬರಿನಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದೇವೆ. ದಪ್ಪ ಜಾಕೆಟ್ ಹಾಕಿ ಸೀಟಿನಲ್ಲಿ ಕೂರಿಸಬಹುದೇ?

ಬೇಡ. ಉಬ್ಬಿದ ಜಾಕೆಟಿನ ಮೇಲೆ ಬಿಗಿದ ಹಾರ್ನೆಸ್ಸು ಬಿಗಿಯಾಗಿರುವಂತೆ ಕಂಡರೂ, ಅಪಘಾತದಲ್ಲಿ ಒಳಗಿನ ಹತ್ತಿ ಕುಗ್ಗಿ ಪಟ್ಟಿಗಳು ಸಡಿಲವಾಗುತ್ತವೆ. ಶಿಕಾಗೋದಲ್ಲಿ ಇಳಿದವರು ಮಗುವಿಗೆ ತೆಳುವಾದ ಬೆಚ್ಚನೆಯ ಬಟ್ಟೆ ಹಾಕಿ, ಪಟ್ಟಿಗಳನ್ನು ಬಿಗಿದು, ಅದರ ಮೇಲೆ ಕಂಬಳಿಯನ್ನೋ ಜಾಕೆಟನ್ನೋ ಹೊದಿಸಬೇಕು.

ಸರಿಯಾಗಿ ಕಟ್ಟಿದ್ದೇವೆಯೇ ಎಂದು ತಿಳಿಯುವುದು ಹೇಗೆ?

ಬೆಲ್ಟು ಹಾದುಹೋಗುವ ಜಾಗದಲ್ಲಿ ಸೀಟನ್ನು ಹಿಡಿದು ಅಲ್ಲಾಡಿಸಿದಾಗ ಅದು ಯಾವ ಬದಿಗೂ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ಮಗುವಿನ ಭುಜದ ಬಳಿ ಹಾರ್ನೆಸ್ಸನ್ನು ಬೆರಳಿನಿಂದ ಚಿವುಟಿದಾಗ ಮಡಿಕೆ ಸಿಗಬಾರದು. ಅಮೆರಿಕದ ಸೀಟಿನ ಎದೆಯ ಕ್ಲಿಪ್ ಕಂಕುಳಿನ ಮಟ್ಟದಲ್ಲಿರಬೇಕು. ಭುಜದ ಪಟ್ಟಿಗಳು ಹಿಮ್ಮುಖ ಸೀಟಿನಲ್ಲಿ ಮಗುವಿನ ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ಕೆಳಗಿನಿಂದ, ಮುಮ್ಮುಖ ಸೀಟಿನಲ್ಲಿ ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ಮೇಲಿನಿಂದ ಬರಬೇಕು. ಅಮೆರಿಕದಲ್ಲಿ ತರಬೇತಿ ಪಡೆದ ತಂತ್ರಜ್ಞರು ಕೆಲವು ಅಗ್ನಿಶಾಮಕ ಠಾಣೆಗಳಲ್ಲಿ ಮತ್ತು ಆಸ್ಪತ್ರೆಗಳಲ್ಲಿ ಉಚಿತವಾಗಿ ಪರೀಕ್ಷಿಸಿಕೊಡುತ್ತಾರೆ. ಊರಿಗೆ ಹೊರಡುವ ಮೊದಲು ಅವರ ಬಳಿಗೆ ಹೋಗುವುದಾದರೆ, ಭುಜದ ಬೆಲ್ಟು ತಾನಾಗಿ ಬಿಗಿಯಾಗಿ ನಿಲ್ಲದ ಕಾರಿಗೆ ನಿಮ್ಮ ಸೀಟನ್ನು ಕಟ್ಟುವುದು ಹೇಗೆ ಎಂದು ತೋರಿಸಿಕೊಡಲು ಕೇಳಿ, ಅದನ್ನು ಫೋನಿನಲ್ಲಿ ಚಿತ್ರೀಕರಿಸಿಕೊಂಡು ಬನ್ನಿ.